ಕಬ್ಬಿಣದ ಬಿಲ್ಲೆಯ ಚಪ್ಪಲಿ

ನನ್ನ ಎಡಗಾಲು ಬಲಗಾಲಿಗಿಂತ ಸಣ್ಣದು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಹೋಯಿತಂತೆ. ಹೋಗುವಾಗ ಆ ಕಾಲಿನ ಕಸುವನ್ನೂ ಜೊತೆಗೆ ಒಯ್ದಿತು. ತೊಡೆ ಅಷ್ಟಿಷ್ಟು ಹೇಳಿದ ಮಾತು ಕೇಳುತ್ತದೆ, ಮೊಣಕಾಲಿನ ಕೆಳಗಿನದು ಸುಮ್ಮನೆ ಜೊತೆಗೆ ಬರುತ್ತದೆ. ಇದನ್ನು ಮೊದಲೇ ಹೇಳಿ ಮುಗಿಸುತ್ತಿದ್ದೇನೆ, ಯಾಕೆಂದರೆ ನಡುವೆ ಹೇಳಿದರೆ ಓದುವವರು ‘ಪಾಪ’ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರ ಮೇಲೆ ರೇಗಿ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯವರೆಗೆ ನಿಂತೇ ಹೋಗಿ, ಆಮೇಲೆ ಶಾಲೆಯಲ್ಲಿ ಮಕ್ಕಳ ಮುಂದೆ ಕಾಲು ನಡುಗಿ ಮೇಜು ಹಿಡಿದು ನಿಂತವನು ನಾನು. ವಿಜ್ಞಾನದ ಮೇಷ್ಟ್ರ ಸಿಟ್ಟು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಾಲು ಎರಡು ಅಳತೆಯವಾದ್ದರಿಂದ ನನಗೆ ಚಪ್ಪಲಿ ಕೊಳ್ಳುವುದೆಂದರೆ ಎರಡು ಜೊತೆ ಕೊಳ್ಳುವುದು. ದೊಡ್ಡ ಜೊತೆಯಿಂದ ಬಲಗಾಲಿನದು, ಸಣ್ಣ ಜೊತೆಯಿಂದ ಎಡಗಾಲಿನದು. ಉಳಿದವು ಕೆಲಸಕ್ಕೆ ಬಾರವು, ಎಸೆಯಲೂ ಮನಸ್ಸಾಗದು. ನಮ್ಮ ಮನೆಯ ಅಟ್ಟದ ಮೇಲೆ ಅಂಥವು ಒಂದು ಚೀಲ ತುಂಬ ಇವೆ. ನನ್ನಂಥವನೇ, ಆದರೆ ಬಲಗಾಲು ಸಣ್ಣದಿರುವ ಮನುಷ್ಯ ಎಂದಾದರೂ ಸಿಕ್ಕರೆ ಅವನ ಜೀವಮಾನದ ಚಪ್ಪಲಿಯ ಚಿಂತೆ ತೀರಿತು ಎಂದು ಹೆಂಡತಿಗೆ ಹೇಳುತ್ತಿರುತ್ತೇನೆ. ಅವಳು ಪ್ರತಿ ದೀಪಾವಳಿಗೂ ಆ ಚೀಲವನ್ನು ಹೊರಗೆ ತರುತ್ತಾಳೆ, ನಾನು ಮತ್ತೆ ಒಳಗೆ ಇಡುತ್ತೇನೆ.

ನಿವೃತ್ತಿಯಾದ ಮೇಲೆ ಆ ಚೀಲಕ್ಕೆ ಒಂದು ವಿಚಿತ್ರ ಜೊತೆ ಸೇರಿತು. ಅದು ಸೈಕಲ್ ತುಳಿಯುವುದಕ್ಕೆಂದೇ ಮಾಡಿದ ಸ್ಯಾಂಡಲ್. ಮೇಲಿನಿಂದ ನೋಡಿದರೆ ಪಟ್ಟಿಗಳಿರುವ ಸಾದಾ ಸ್ಯಾಂಡಲ್ಲೇ, ಬೆರಳುಗಳು ಹೊರಗೆ ಕಾಣುತ್ತವೆ. ತಳ ಮಗುಚಿದರೆ ಹೆಬ್ಬೆರಳಿನ ಬುಡದ ಜಾಗದಲ್ಲಿ ಒಂದು ಕಬ್ಬಿಣದ ಬಿಲ್ಲೆ. ಸೈಕಲ್ಲಿನ ಪೆಡಲಿಗೆ ಆ ಬಿಲ್ಲೆಯನ್ನು ಕಚ್ಚಿ ಹಿಡಿಯುವ ಸ್ಪ್ರಿಂಗಿನ ಬಾಯಿ ಇರುತ್ತದೆ. ಮೆಟ್ಟಿದರೆ ಟಕ್ ಎಂದು ಕೂರುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ದೊಡ್ಡ ಊರಿನ ಸೈಕಲ್ಲಿನವರು ಇದಕ್ಕೆ ಬೂಟು ಹಾಕುತ್ತಾರಂತೆ. ನನ್ನ ಎಡಪಾದ ಬೂಟಿನೊಳಗೆ ಲೊಡಲೊಡ ಆಡುತ್ತದೆ; ಸ್ಯಾಂಡಲ್ಲಿನ ಪಟ್ಟಿಗಳನ್ನಾದರೆ ಎಳೆದು ಬಿಗಿದುಕೊಳ್ಳಬಹುದು. ಅಲ್ಲದೆ ನಮ್ಮ ಕಡೆಯ ಬಿಸಿಲಿಗೆ ಬೂಟು ಹಾಕುವುದು, ಹೋದ ಹೋದ ಮನೆಯ ಹೊಸ್ತಿಲ ಮುಂದೆ ಕೂತು ಲಾಡಿ ಬಿಚ್ಚುವುದು, ಇವೆಲ್ಲ ನನ್ನಿಂದ ಆಗದ ಕೆಲಸ.

ಇದರ ದಾರಿ ತೋರಿಸಿದವರು ಹರಪನಹಳ್ಳಿಯ ಒಬ್ಬ ಫಿಸಿಯೋಥೆರಪಿ ಡಾಕ್ಟರು. ಸೊಂಟ ನೋವಿಗೆಂದು ಅವರ ಹತ್ತಿರ ಹೋಗಿದ್ದೆ. ಬೆಳಗಾದರೆ ಸೈಕಲ್ ಏರುವ ಮನುಷ್ಯ ಅವರು. ಎಡಗಾಲು ಪೆಡಲಿನ ಮೇಲೆ ಜಾರದೆ ನಿಂತರೆ ಸಾಕು, ಬಲಗಾಲು ಕೆಳಕ್ಕೆ ತುಳಿದು ಮೇಲಕ್ಕೂ ಎಳೆದು ಎರಡು ಕಾಲಿನ ಕೆಲಸ ಮಾಡುತ್ತದೆ ಎಂದು ಗೋಡೆಗೆ ಒರಗಿಸಿದ್ದ ತಮ್ಮದೇ ಸೈಕಲ್ಲಿನಲ್ಲಿ ತೋರಿಸಿದರು. ಸನ್ನೆಕೋಲಿನ ಪಾಠ ಮಾಡಿ ತಲೆ ನರೆಸಿಕೊಂಡವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಸನ್ನೆಕೋಲಲ್ಲ, ನನ್ನ ಅಕ್ಕ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮದು ಗುಡೇಕೋಟೆಯ ಹತ್ತಿರ, ಕುರುಚಲು ಗುಡ್ಡಗಳ ನಡುವಿನ ಹಳ್ಳಿ. ಶಾಲೆಗೆ ಗುಡೇಕೋಟೆಗೇ ಹೋಗಬೇಕು. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಅಕ್ಕ ತುಳಿಯುತ್ತಿದ್ದಳು, ಏರು ಬಂದರೆ ಇಳಿದು ನೂಕುತ್ತಿದ್ದಳು. ಬಲಗಾಲನ್ನು ನಾನು ಅಗಲಿಸಿ ಹಿಡಿಯುತ್ತಿದ್ದೆ, ಎಡಗಾಲು ಜೋತಾಡುತ್ತಿತ್ತು. ಒಂದು ದಿನ ಅದು ಹಿಂದಿನ ಗಾಲಿಯ ಕಡ್ಡಿಗಳೊಳಗೆ ಹೋಗಿ ಹಿಮ್ಮಡಿ ಸೀಳಿತು. ನೋವು ಈಗ ನೆನಪಿಲ್ಲ. ಅಕ್ಕನ ಕೂಗು ನೆನಪಿದೆ. ಕಾಲು ಸಿಕ್ಕಿಕೊಂಡಿದೆ, ಬಿಡಿಸಲು ಬರುತ್ತಿಲ್ಲ, ಸುತ್ತ ಗುಡ್ಡ ಬಿಟ್ಟರೆ ಇನ್ನೊಂದು ಜೀವವಿಲ್ಲ. ಅವಳು ಕಡ್ಡಿಗಳನ್ನು ಬರಿಗೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದಳು.

ಗಾಯ ಮಾಯ್ದು ನಾನು ಮತ್ತೆ ಶಾಲೆಗೆ ಹೊರಟಾಗ ಅವಳು ತನ್ನ ಒಂದು ಜಡೆಯ ಕೆಂಪು ಟೇಪು ಬಿಚ್ಚಿ, ನನ್ನ ಎಡಗಾಲನ್ನು ಗಾಲಿಯ ಪಕ್ಕದ ಸರಳಿಗೆ ಕಟ್ಟಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ದಾರಿಯುದ್ದಕ್ಕೂ ಅವಳ ಒಂದು ಜಡೆ ನೆಟ್ಟಗಿರುತ್ತಿತ್ತು, ಇನ್ನೊಂದು ಬಿಚ್ಚಿಕೊಂಡು ಗಾಳಿಗೆ ನನ್ನ ಮುಖಕ್ಕೆ ಬಡಿಯುತ್ತಿತ್ತು. ಶಾಲೆಯ ಬಾಗಿಲಲ್ಲಿ ಟೇಪನ್ನು ಮತ್ತೆ ಜಡೆಗೆ ಕಟ್ಟಿಕೊಳ್ಳುವ ಹೊತ್ತಿಗೆ ಅದಕ್ಕೆ ಗಾಲಿಯ ಎಣ್ಣೆಯೂ ಕೆಮ್ಮಣ್ಣೂ ಮೆತ್ತಿರುತ್ತಿದ್ದವು. ಹೊಲಸು ಟೇಪು ಕಟ್ಟಿಕೊಂಡು ಬರುತ್ತಾಳೆಂದು ಬೈಸಿಕೊಂಡಳು, ತರಗತಿಯ ಹೊರಗೆ ನಿಂತಳು, ಕಾರಣ ಮಾತ್ರ ಹೇಳಲಿಲ್ಲ. ಗಂಟು ಹಾಕಿದ ಮೇಲೆ ನನ್ನ ಎಡಗಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಜಗ್ಗಿ ನೋಡುವುದು ಅವಳ ರೂಢಿ. ಕಾಲು ಅಲ್ಲಾಡದಿದ್ದರೆ “ಹ್ಞಾಂ, ಹೊಂಟ್ವಿ” ಎಂದು ಸೈಕಲ್ ಏರುತ್ತಿದ್ದಳು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅವಳನ್ನು ಚಿಗಟೇರಿಗೆ ಕೊಟ್ಟರು. ಗಂಡನ ಮನೆಗೆ ಹೊರಡುವ ದಿನ ನಾನು ಯಾರಿಗೂ ಮುಖ ತೋರಿಸದೆ ದನದ ಕೊಟ್ಟಿಗೆಯಲ್ಲಿ ಸೈಕಲ್ಲಿನ ಪಕ್ಕ ಕೂತುಬಿಟ್ಟೆ. ಹೊಸ ಸೀರೆಯಲ್ಲೇ ಅಲ್ಲಿಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಳಬ್ಯಾಡ. ನೀ ಸೈಕಲ್ ಕಲಿ. ಪಂಚಮಿಗೆ ನನ್ನ ಕರಿಯಾಕ ನೀನ ತುಳಕೊಂಡು ಬಾ. ನಾ ಬಾಗಲಾಗ ನಿಂತು ದಾರಿ ನೋಡ್ತಿರ್ತೀನಿ.”

ನಮ್ಮ ಕಡೆ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅಣ್ಣನೋ ತಮ್ಮನೋ ಅವರ ಮನೆಗೇ ಹೋಗಿ ಕರೆದು ಬರಬೇಕು. ನಾನು ಹೋದೆ, ಪ್ರತಿ ವರ್ಷವೂ ಹೋದೆ, ಬಸ್ಸಿನಲ್ಲಿ. ಸೈಕಲ್ ಕಲಿಯಲು ನೋಡಲಿಲ್ಲ ಎಂದಲ್ಲ. ಬಲಗಾಲು ಒತ್ತಿದ ಕೂಡಲೇ ಎಡಗಾಲು ಪೆಡಲಿನಿಂದ ಜಾರುತ್ತಿತ್ತು, ತಿರುಗಿ ಬಂದ ಪೆಡಲು ಮೊಣಕಾಲಿನ ಕೆಳಗಿನ ಎಲುಬಿಗೆ ಹೊಡೆಯುತ್ತಿತ್ತು. ಕೊನೆಗೆ ಕೈಬಿಟ್ಟೆ. ಅಕ್ಕ ಆ ಮಾತನ್ನು ಮತ್ತೆ ಎತ್ತಲಿಲ್ಲ. ಸಮಾಧಾನಕ್ಕೆ ಹೇಳಿದ ಮಾತು, ಮರೆತಿದ್ದಾಳೆ ಎಂದುಕೊಂಡೆ. ನನಗೆ ಮರೆಯಲು ಆಗಲಿಲ್ಲ. ಅರವತ್ತಾದ ಮೇಲೂ ಶ್ರಾವಣ ಬಂತೆಂದರೆ ಬಸ್ಸಿನ ಕಿಟಕಿಯಿಂದ ಸೈಕಲ್ಲಿನವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಒಂದೇ ಒಂದು ಸಲ ಅವಳ ಬಾಗಿಲಿಗೆ ತುಳಿದುಕೊಂಡು ಹೋಗಿ ನಿಲ್ಲಬೇಕು, ಅವಳು ಅದನ್ನು ನೋಡಬೇಕು. ಇಷ್ಟೇ ನನ್ನ ಆಸೆ.

ಸ್ಯಾಂಡಲ್ಲೂ ಅದಕ್ಕೆ ತಕ್ಕ ಪೆಡಲಿನ ಸೈಕಲ್ಲೂ ಬಂದ ಮೇಲೆ ಆ ಆಸೆಗೆ ಕಾಲು ಬಂದವು, ಜೊತೆಗೆ ನೆಲಕ್ಕೆ ಬೀಳುವುದೂ ಬಂತು. ನನ್ನ ಎಡಗಾಲಿಗೆ ಹಿಮ್ಮಡಿ ತಿರುಗಿಸುವ ಶಕ್ತಿಯಿಲ್ಲ. ಹಾಗಾಗಿ ನಿಲ್ಲುವಾಗ ಬಲಗಾಲು ಬಿಡಿಸಿ ಬಲಕ್ಕೇ ವಾಲಬೇಕು. ನೆಲ ಸಿಕ್ಕ ಮೇಲೆ ಬಗ್ಗಿ, ಕೈಯಿಂದ ಎಡ ಹಿಮ್ಮಡಿ ಹಿಡಿದು ತಿರುಗಿಸಿ ಬಿಡಿಸಬೇಕು. ಮರೆತು ಎಡಕ್ಕೆ ವಾಲಿದರೆ ದೇವರೇ ಗತಿ. ಕೂಡ್ಲಿಗಿ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದಾಗ ಮರೆತೆ, ಕುರಿಗಳ ನಡುವೆ ಹೋಗಿ ಮಲಗಿದೆ. ಕುರಿ ಕಾಯುವಾತ ಓಡಿ ಬಂದು ಮೊದಲು ಸೈಕಲ್ ಎತ್ತಿದ. ಅದರ ಜೊತೆ ನನ್ನ ಕಾಲೂ ಎದ್ದಿತು. ಗಾಬರಿಯಾಗಿ ಕೆಳಗಿಟ್ಟ, ಕಾಲೂ ಇಳಿಯಿತು. ಸೈಕಲ್ಲನ್ನು ನಿಮಗೆ ಕಟ್ಟಿದ್ದಾರೋ, ನಿಮ್ಮನ್ನು ಸೈಕಲ್ಲಿಗೆ ಕಟ್ಟಿದ್ದಾರೋ ಎಂದು ಬಹಳ ಗಂಭೀರವಾಗಿ ಕೇಳಿದ. ಕೊಟ್ಟೂರಿನ ಚಹಾದ ಅಂಗಡಿಯವರಿಗೆ ಬೇರೆಯೇ ಖುಷಿ. ಬಿಲ್ಲೆ ತಳದ ಕುಳಿಯೊಳಗೆ ಕೂತಿದ್ದರೂ ಕಡಪಾ ಕಲ್ಲಿನ ಮೇಲೆ ನಡೆದಾಗ ಕಿರ್ ಎನ್ನುತ್ತದೆ. ಮೇಷ್ಟ್ರು ಎತ್ತಿನ ಹಾಗೆ ಲಾಳ ಹೊಡೆಸಿಕೊಂಡಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ನನಗೆ ಸಿಟ್ಟು ಬರಲಿಲ್ಲ. ಅವರು ನಗುತ್ತಿದ್ದರು, ‘ಪಾಪ’ ಅನ್ನುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಬೀಳುವುದು ನಿಂತಿತು. ಪಂಚಮಿಗೆ ಮುಂಚಿನ ಶನಿವಾರ ಬೆಳಗ್ಗೆ ಕೊಟ್ಟೂರಿನ ಮನೆಯಿಂದ ಚಿಗಟೇರಿಗೆ ಹೊರಟೆ. ಅಕ್ಕನಿಗೆ ಮೊದಲೇ ಫೋನು ಮಾಡಬಾರದೆಂದು ಹೆಂಡತಿಗೆ ತಾಕೀತು ಮಾಡಿದ್ದೆ. ಸೈಕಲ್ಲಿನ ಮುಂದಿನ ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿ. ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಡಗಲಿ ಮಲ್ಲಿಗೆ. ದಾರಿಯ ಎರಡೂ ಕಡೆ ಮೆಕ್ಕೆಜೋಳ ಎದೆಯೆತ್ತರ ಬಂದಿತ್ತು. ಮೋಡ ಕವಿದಿತ್ತು, ಎದುರುಗಾಳಿ ಇತ್ತು, ಬೆರಳ ಸಂದಿಯಲ್ಲಿ ತಂಪು ಆಡುತ್ತಿತ್ತು. ಬಲಗಾಲು ತುಳಿಯುತ್ತಿತ್ತು, ಎಡಗಾಲು ಮೇಲೆ ಕೆಳಗೆ ಸುಮ್ಮನೆ ಸುತ್ತುತ್ತಿತ್ತು. ಅದು ತುಳಿಯುತ್ತಿಲ್ಲವೆಂದು ದೂರದಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ. ನನಗೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಯಾರೂ ಇಲ್ಲದ ಕಡೆ ಜೋರಾಗಿ ನಕ್ಕೆ.

ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಏನೋ ಹಸನು ಮಾಡುತ್ತಿದ್ದಳು. ಬೀದಿಯ ತಿರುವಿನಿಂದಲೇ ಕಂಡಳು. ತಲೆ ಎತ್ತಿದಳು. ಅವಳು ನೋಡುತ್ತಿದ್ದಾಳೆಂಬ ಸಂಭ್ರಮಕ್ಕೆ ನಾನು ಎಡಗೈ ಎತ್ತಿ ಬೀಸಿದೆ. ಮುಂದಿನ ಗಾಲಿ ಚರಂಡಿಯ ಅಂಚಿಗೆ ಇಳಿಯಿತು, ಸೈಕಲ್ ಎಡಕ್ಕೆ ವಾಲಿತು, ಅವಳ ಕಣ್ಣೆದುರಿಗೇ ಬಿದ್ದೆ.

ಮೊಣಕಾಲು ನೋವಿನಿಂದ ಎದ್ದು ಕೂರಲೂ ಒದ್ದಾಡುವವಳು ಮೊರ ಎಸೆದು ಓಡಿ ಬಂದಳು. ನನ್ನ ಎಡಗಾಲು ಪೆಡಲಿಗೆ ಕಚ್ಚಿಕೊಂಡೇ ಇತ್ತು. ಅದನ್ನು ಹಿಡಿದು ಎಳೆದಳು, ಬರಲಿಲ್ಲ. ಆಗ ಅವಳು ಕೂಗಿದಳು. ಗುಡೇಕೋಟೆಯ ದಾರಿಯಲ್ಲಿ ಕೇಳಿದ್ದ ಅದೇ ಕೂಗು, ದನಿ ಮಾತ್ರ ಮುದಿಯಾಗಿತ್ತು. ನಾನು ಕೈ ಚಾಚಿ ಹಿಮ್ಮಡಿ ತಿರುಗಿಸಿ ಬಿಡಿಸಿಕೊಂಡೆ. ಏನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೇ ಎಂದೆ. ಅವಳು ನನ್ನನ್ನು ತೋಳು ಹಿಡಿದು ಎಬ್ಬಿಸಿದಳು. ಬಾಗಿಲಲ್ಲಿ ಕಾಲಿಗೆ ನೀರು ಹಾಕಿ, ಗಾಯಕ್ಕೆ ಅರಿಸಿನ ಮೆತ್ತಿದಳು. ಸ್ಯಾಂಡಲ್ಲನ್ನು ಮಗುಚಿ ಬಿಲ್ಲೆಯನ್ನು ಬೆರಳಿಂದ ಮುಟ್ಟಿ ನೋಡಿ ಗೋಡೆಗೆ ಒರಗಿಸಿದಳು. ತುಳಿದುಕೊಂಡು ಬಂದೆಯಾ ಎಂದು ಒಂದು ಮಾತು ಕೇಳಲಿಲ್ಲ. ರೊಟ್ಟಿ ತಿನ್ನುವಾಗಲೂ ನಾನು ಕಾಯುತ್ತಿದ್ದೆ. ಬಂದದ್ದನ್ನು ಅವಳು ನೋಡಲಿಲ್ಲ, ಬಿದ್ದದ್ದನ್ನಷ್ಟೇ ನೋಡಿದಳು ಎಂದು ಮನಸ್ಸು ಮುದುಡಿತು. ಊಟವಾದ ಮೇಲೆ ಚಾಪೆಯ ಮೇಲೆ ಆ ಕಡೆ ತಿರುಗಿ ಮಲಗಿದೆ, ನಿದ್ದೆ ಹತ್ತಿತು.

ಎದ್ದು ನೋಡಿದರೆ ಗೋಡೆಯ ಹತ್ತಿರ ಸ್ಯಾಂಡಲ್ ಇಲ್ಲ. ಅದರ ಜಾಗದಲ್ಲಿ ನೀಲಿ ಪಟ್ಟಿಯ ಹೊಸ ಹವಾಯಿ ಚಪ್ಪಲಿ ಜೋಡಿಸಿಟ್ಟಿದೆ, ಬಲದ್ದು ದೊಡ್ಡದು, ಎಡದ್ದು ಸಣ್ಣದು. ಕಾಲು ಇಟ್ಟೆ. ಎರಡೂ ಸರಿಯಾಗಿ ಕೂತವು. ನನ್ನ ಕಾಲಿನ ಅಳತೆ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಕ್ಕ ಕೋಲೂರಿಕೊಂಡು ಒಳಗೆ ಬಂದಳು. ಅಂಗೈಯಲ್ಲಿದ್ದ ಸಿಂಧೂರವನ್ನು ನನ್ನ ಹಣೆಗೆ ಹಚ್ಚಿ ಹೇಳಿದಳು:

“ಹನುಮಪ್ಪನ ಗುಡಿ ಮುಂದ ಬಿಟ್ಟು ಬಂದೀನಿ. ಇವತ್ತು ಶನಿವಾರ. ನಿನ್ನ ಪೀಡಾ ಅದರ ಜೋಡಿನ ಹೋತು.”

ನಮ್ಮವರ ನಂಬಿಕೆ ಇದು. ಕೆಟ್ಟ ಕಾಲ ಹಿಡಿದವರು ಶನಿವಾರ ಹನುಮಪ್ಪನ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಹಿಂದೆ ತಿರುಗಿ ನೋಡದೆ ಬರಬೇಕು. ಕಾಲಿಗೆ ಹತ್ತಿದ್ದು ಚಪ್ಪಲಿಯ ಜೊತೆ ಅಲ್ಲೇ ಉಳಿಯುತ್ತದೆ. ಹಾಗೆ ಬಿಟ್ಟದ್ದನ್ನು ಕಳ್ಳನೂ ಮುಟ್ಟುವುದಿಲ್ಲ; ಮೆಟ್ಟಿದವನಿಗೆ ಆ ಪೀಡೆ ಹತ್ತುತ್ತದೆಂದು ಎಲ್ಲರಿಗೂ ಗೊತ್ತು. ಕೆಟ್ಟದ್ದೆಲ್ಲ ಆ ಕಬ್ಬಿಣದ ಬಿಲ್ಲೆಯಲ್ಲೇ ಇದೆ, ಅದೇ ತಮ್ಮನನ್ನು ಸೈಕಲ್ಲಿಗೆ ಸಿಕ್ಕಿಸಿ ಕೆಡವುತ್ತದೆ ಎಂದು ಅಕ್ಕ ತೀರ್ಮಾನಿಸಿದ್ದಳು.

ನಾನು ರೇಗಿದೆ. ಏನೇನು ಅಂದೆನೋ, ಒಟ್ಟಿನಲ್ಲಿ ವಿಜ್ಞಾನದ ಮೇಷ್ಟ್ರು ಅನ್ನುವ ಮಾತುಗಳನ್ನೆಲ್ಲ ಅಂದೆ. ಈಗ ನಾನು ಮನೆಗೆ ಹೋಗುವುದು ಹೇಗೆ, ಈ ಹವಾಯಿ ಚಪ್ಪಲಿ ಪೆಡಲಿಗೆ ಕೂರುತ್ತದೆಯೇ ಎಂದೂ ಕೂಗಾಡಿದೆ. ಅವಳು ಕಂಬಕ್ಕೆ ಒರಗಿ ಕೂತು, ಎಲ್ಲ ಮುಗಿದ ಮೇಲೆ ಮೆಲ್ಲಗೆ ಅಂದಳು:

“ಬೈತಿ ಬೈ. ನಿನ್ನ ಕಾಲು ಮತ್ತ ಸೈಕಲ್‌ನಾಗ ಸಿಗೋದು ನಾ ನೋಡಲಾರೆ.”

ನನ್ನ ಸಿಟ್ಟು ಇಳಿದುಹೋಯಿತು. ಆ ಗಾಯ ನನ್ನ ಹಿಮ್ಮಡಿಯಲ್ಲಿ ಎಂದೋ ಮಾಯ್ದಿತ್ತು, ಅವಳಲ್ಲಿ ಮಾಯ್ದಿರಲಿಲ್ಲ. ಹತ್ತಿರ ಹೋಗಿ ಕೂತೆ.

“ಅಕ್ಕಾ, ಆ ಬಿಲ್ಲಿ ನನ್ನ ಕೆಡವಾಕ ಇಟ್ಟಿದ್ದಲ್ಲ. ನೀ ಟೇಪು ಕಟ್ತಿದ್ದೆಲ್ಲ, ಅದ ಇದು. ಅದಿಲ್ಲಂದ್ರ ಕಾಲು ಜೋತಾಡ್ತೈತಿ, ತುಳಿಯಾಕ ಬರಂಗಿಲ್ಲ.”

ಅವಳ ಕೈ ತಾನಾಗಿ ತುರುಬಿಗೆ ಹೋಯಿತು. ಲಿಂಬೆಹಣ್ಣಿನಷ್ಟು ಉಳಿದಿರುವ ಬಿಳಿ ತುರುಬು. ಆಮೇಲೆ ಕೋಲು ತೆಗೆದುಕೊಂಡು, ನಡಿ ಎಂದಳು.

ಹನುಮಪ್ಪನ ಗುಡಿ ಊರ ಅಂಚಿನಲ್ಲಿದೆ. ಬೇವಿನ ಮರದ ಬುಡದಲ್ಲಿ ಯಾರ್ಯಾರೋ ಬಿಟ್ಟುಹೋದ ಹಳೆಯ ಚಪ್ಪಲಿಗಳು ಬಿದ್ದಿದ್ದವು. ಅವುಗಳ ಮೇಲೆ ನನ್ನ ಸ್ಯಾಂಡಲ್, ಒಂದರ ಮೇಲೆ ಗದ್ದ ಇಟ್ಟು ಒಂದು ನಾಯಿಮರಿ ಮಲಗಿತ್ತು. ನಾನು ಮರಿಯನ್ನು ಓಡಿಸಿ ಬಗ್ಗಿದೆ. ಅಕ್ಕ ತೋಳು ಹಿಡಿದು ನಿಲ್ಲಿಸಿ, ನೀನು ಮುಟ್ಟಬೇಡ ಎಂದಳು.

ತನ್ನ ಚಪ್ಪಲಿಯನ್ನು ಒಂದು ಪಕ್ಕಕ್ಕೆ ಬಿಟ್ಟಳು. ಬೇವಿನ ಕಾಂಡ ಹಿಡಿದು, ಮೊದಲು ಎಡಗಾಲು, ಆಮೇಲೆ ಬಲಗಾಲು ನನ್ನ ಸ್ಯಾಂಡಲ್ಲಿನೊಳಗೆ ಇಟ್ಟಳು. ಏನು ಮಾಡುತ್ತಿದ್ದಾಳೆಂದು ಆಗ ತಿಳಿಯಿತು. ಪೀಡೆ ಗೀಡೆ ಏನೂ ಇಲ್ಲ, ಎಲ್ಲ ಜನರ ಕಲ್ಪನೆ, ಬಿಡು ಎಂದು ಅವಸರ ಅವಸರವಾಗಿ ಹೇಳಿದೆ. ಅಕ್ಕ ಪಟ್ಟಿ ಬಿಗಿಯುತ್ತಲೇ ಅಂದಳು:

“ಇಲ್ಲಂದ್ರ ನಾ ಮೆಟ್ಟಿದ್ರ ನಿನಗೇನಾತು? ಇದ್ರ ನನಗಿರ್ಲಿ.”

ನಾನು ಬಗ್ಗಿ ಅವಳ ಚಪ್ಪಲಿ ಎತ್ತಿಕೊಂಡೆ.

ಎಡಗಾಲಿನದು ಅವಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬಲಗಾಲಿನದು ದೊಡ್ಡದು, ಹಿಂದೆ ಎಳೆದಾಡುತ್ತಿತ್ತು. ಬಿಲ್ಲೆ ಕಲ್ಲಿಗೆ ತಾಗಿ ಕಿರ್ ಎನ್ನುತ್ತಿತ್ತು. ಒಂದು ಹೆಜ್ಜೆ ನೆಟ್ಟಗೆ, ಒಂದು ಹೆಜ್ಜೆ ವಾಲಿ, ಕೋಲೂರಿ, ಅವಳು ಬೀದಿಯುದ್ದಕ್ಕೂ ನಡೆದಳು. ಅದು ನನ್ನ ನಡಿಗೆ. ಕನ್ನಡಿಯಲ್ಲಿ ಕೂಡ ನಾನು ಅದನ್ನು ನೋಡಲು ಒಪ್ಪಿದವನಲ್ಲ. ಅವತ್ತು ಅಕ್ಕನ ಹಿಂದೆ, ಅವಳು ಕೊಡಿಸಿದ ಹವಾಯಿ ಮೆಟ್ಟಿಕೊಂಡು, ಅವಳ ಚಪ್ಪಲಿ ಕೈಯಲ್ಲಿ ಹಿಡಿದು, ಮನೆ ಮುಟ್ಟುವವರೆಗೂ ನೋಡಿದೆ. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು ‘ಪಾಪ’ ಅಂದಳು. ನಮ್ಮಿಬ್ಬರಲ್ಲಿ ಯಾರಿಗೆ ಅಂದಳೋ ಗೊತ್ತಿಲ್ಲ. ನನಗೆ ಮೈ ಉರಿಯಲಿಲ್ಲ. ಕಣ್ಣು ತುಂಬಿಕೊಂಡು ದಾರಿ ಕಾಣುತ್ತಿರಲಿಲ್ಲ.

ಹೊಸ್ತಿಲ ಮುಂದೆ ಸ್ಯಾಂಡಲ್ ಬಿಚ್ಚಿ, ಸೆರಗಿನಿಂದ ಧೂಳು ಒರೆಸಿ ನನ್ನ ಮುಂದೆ ಇಟ್ಟಳು.

“ಈಗ ಹಾಕ್ಕೋ. ಇಷ್ಟು ವರ್ಷ ಪಂಚಮಿಗೆ ನೀ ಬಸ್ ಇಳಿದು ಬಂದ್ರೂ ನಾ ಸೈಕಲ್ ದಾರಿನ ನೋಡ್ತಿದ್ದೆ. ಇವತ್ತು ತುಳಕೊಂಡು ಬಂದಿ. ಬೀಳೋದಕ್ಕಿಂತ ಮೊದಲ ನೋಡೀನಿ.”

ನಾನು ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಇಬ್ಬರು ಮುದುಕರು ಬಾಗಿಲಲ್ಲಿ ಕೂತು ಅಳುವುದನ್ನು ನೋಡಿ ಹಟ್ಟಿಯ ಕೋಳಿಗಳೂ ದೂರ ಸರಿದವು.

ಮರುದಿನ ಬೆಳಗ್ಗೆ ಕೊಟ್ಟೂರಿಗೆ ಹೊರಟೆವು. ಮೊಣಕಾಲಿನ ನೋವಿಗೆ ಅಕ್ಕ ಬಸ್ಸು ಹತ್ತಲಾರಳು. ಅವಳ ಮಗ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವುದೆಂದು ಮಾತಾಗಿತ್ತು. ನಾನು ಕಟ್ಟೆಗೆ ಆತುಕೊಂಡು ಸೈಕಲ್ ಏರಿದೆ. ಕೈಯಿಂದ ಎಡಗಾಲನ್ನು ಪೆಡಲಿನ ಮೇಲಿಟ್ಟು ಮಂಡಿ ಒತ್ತಿದೆ. ಟಕ್ ಎಂದಿತು. ತಲೆಗೆ ಮಲ್ಲಿಗೆ ಮುಡಿದು ನಿಂತಿದ್ದ ಅಕ್ಕ ಆ ಸದ್ದಿಗೆ ಹತ್ತಿರ ಬಂದಳು. ಕೋಲನ್ನು ಮಗನ ಕೈಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ, ಪಟ್ಟಿಯಿಂದ ಹೊರಗೆ ಚಾಚಿದ್ದ ನನ್ನ ಎಡಗಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಜಗ್ಗಿದಳು.

ಕಾಲು ಅಲ್ಲಾಡಲಿಲ್ಲ.

“ಹ್ಞಾಂ, ಹೊಂಟ್ವಿ,” ಅಂದಳು.

ಊರು ದಾಟಿದ ಮೇಲೆ ಹಿಂದಿನಿಂದ ಬೈಕಿನ ಸದ್ದು ಕೇಳಿತು. ಮುಂದೆ ಹೋಗಲಿ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬೈಕು ಮುಂದೆ ಹೋಗಲಿಲ್ಲ. ನಾನು ನಿಧಾನ ಮಾಡಿದರೆ ಅದೂ ನಿಧಾನವಾಗುತ್ತಿತ್ತು, ಏರಿನಲ್ಲಿ ನಾನು ಏದುಸಿರು ಬಿಡುವಾಗ ಹಿಂದೆಯೇ ಗುರ್‌ಗುಡುತ್ತಿತ್ತು. ಕೊಟ್ಟೂರು ಮುಟ್ಟಿದ ಮೇಲೆ ಮಗ ಹೇಳಿದ, ಅವ್ವ ದಾರಿಯುದ್ದಕ್ಕೂ ಬೆನ್ನಿಗೆ ತಿವಿದು ಒಂದೇ ಮಾತು ಹೇಳುತ್ತಿದ್ದಳಂತೆ. ಮುಂದೆ ಹೋಗಬೇಡ, ತಮ್ಮ ಕರಕೊಂಡು ಹೋಗುತ್ತಿದ್ದಾನೆ ಎಂದು.